ಬ್ಯಾಂಕು ಸರ್ಕಾರದ್ದಾದರೆ ದುಡ್ಡೂ ಸರ್ಕಾರದ್ದಾ?

ನಾನು ಜ್ಯೂರಿಕ್‌ನಲ್ಲಿದ್ದೇನೆ, ಇಲ್ಲಿ ನನಗೆ ಓಟಿಲ್ಲ. ಆದರೂ 2018ರ ಮೇ ತಿಂಗಳಲ್ಲಿ ಪಕ್ಕದ ಮನೆಯ ಅಜ್ಜಿ ಅಂಚೆಯಲ್ಲಿ ಬಂದ, ಓಟಿನ ಪ್ರಶ್ನೆ ವಿವರಿಸೋ ಕೆಂಪು ಪುಸ್ತಕ ಹಿಡಿದು ಬಂದು, ಇದೇನು ಸ್ವಲ್ಪ ಹೇಳಪ್ಪ ಅಂತ ಕೂತರು. ಇಲ್ಲಿನ ದುಡ್ಡಾದ ಫ್ರಾಂಕ್ ಹುಟ್ಟಿಸುವ ಹಕ್ಕು ರಾಷ್ಟ್ರೀಯ ಬ್ಯಾಂಕಿಗೆ, ಅಂದರೆ ಇಲ್ಲಿನ ರಿಸರ್ವ್ ಬ್ಯಾಂಕಿಗೆ, ಮಾತ್ರ ಇರಬೇಕಾ ಅನ್ನೋದು ಪ್ರಶ್ನೆ. ಇಲ್ಲಿ ಅದಕ್ಕೆ ಫೋಲ್‌ಗೆಲ್ಟ್, ಅಂದರೆ ಪೂರ್ಣ ಹಣ, ಅಂತಾರೆ.

ನೋಟಿನ ಮಾತಲ್ಲ ಅದು. ನೋಟಿನ ಹಕ್ಕನ್ನು ಇಲ್ಲಿನ ಜನ 1891ರಲ್ಲೇ ಓಟು ಹಾಕಿ ದೇಶಕ್ಕೆ ಕೊಟ್ಟಿದ್ದರು. ಉಳಿದಿದ್ದು ಖಾತೆಯಲ್ಲಿರುವ ದುಡ್ಡು, ಅದೇ ಜಾಸ್ತಿ.

ಅದು ಹೇಗೆ ಹುಟ್ಟುತ್ತೆ ಅಂತ ತಿಳಿಸೋಕೆ ಅಜ್ಜಿಗೆ ನಮ್ಮಪ್ಪನ ಸಾಲದ ಕಥೆ ಹೇಳಿದೆ. ಶಿವಮೊಗ್ಗದಲ್ಲಿ ಮನೆ ಕಟ್ಟೋಕೆ ಸಾಲ ಸಿಕ್ಕ ದಿನ ನಾನೂ ಜೊತೆಗಿದ್ದೆ. ಯಾರೂ ತಿಜೋರಿ ತೆಗೆಯಲಿಲ್ಲ. ಪ್ರಿಂಟರ್ ಕರ್ರ್ ಅಂತ ಪಾಸ್‌ಬುಕ್‌ನಲ್ಲಿ ಒಂದು ಸಾಲು ಹೊಡೆಯಿತು, ನಿನ್ನೆ ಇಲ್ಲದ ನಾಲ್ಕು ಲಕ್ಷ ಇವತ್ತು ಇತ್ತು, ಬೇರೆ ಯಾರ ಖಾತೆಯಿಂದಲೂ ಅದನ್ನು ಕಳೆದಿರಲಿಲ್ಲ. ಆ ಬ್ಯಾಂಕು ಸರ್ಕಾರದ್ದೇ!

ನಮ್ಮಲ್ಲಿ ಎಷ್ಟೋ ಜನ ಇಲ್ಲೇ ಎಡವುತ್ತಾರೆ. 1969ರಲ್ಲಿ 14 ಬ್ಯಾಂಕು, 1980ರಲ್ಲಿ ಇನ್ನೂ 6 ಸರ್ಕಾರದ ಕೈಗೆ ಬಂದವು, ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ನಾಲ್ಕೂ ಸೇರಿ. ಸಾಲ ಯಾರಿಗೆ ಹೋಗಬೇಕು ಅನ್ನೋದು ಬದಲಾಯಿತು, ಹಳ್ಳಿಗೆ ಶಾಖೆ ಬಂತು, ಅದು ದೊಡ್ಡ ಕೆಲಸವೇ. ಆದರೆ ದುಡ್ಡು ಹುಟ್ಟೋ ರೀತಿ ಬದಲಾಗಲಿಲ್ಲ. ಈಗಲೂ ಮ್ಯಾನೇಜರ್ ಸಹಿ ಹಾಕಿದಾಗಲೇ ಅದು ಹುಟ್ಟುತ್ತೆ, ರಿಸರ್ವ್ ಬ್ಯಾಂಕು ರೆಪೊ ದರ (ತಾನು ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ) ಏರಿಸಿ ಇಳಿಸಿ ಲಗಾಮು ಎಳೆಯುತ್ತೆ ಅಷ್ಟೆ. ಬ್ಯಾಂಕಿನ ಒಡೆಯ ಯಾರು ಅನ್ನೋದು ಬೇರೆ, ಸಾಲ ಕೊಡುತ್ತಲೇ ದುಡ್ಡು ಬರೆಯುವ ಹಕ್ಕು ಯಾರದ್ದು ಅನ್ನೋದು ಬೇರೆ. ಸ್ವಿಸ್ ಜನರ ಮುಂದೆ ಬಂದಿದ್ದು ಆ ಎರಡನೇ ಪ್ರಶ್ನೆ, ನಮ್ಮಲ್ಲಿ ಅದನ್ನು ಯಾರೂ ಜನರ ಮುಂದೆ ಇಟ್ಟಿಲ್ಲ.

ಜೂನ್ 10ಕ್ಕೆ ಓಟು ಹಾಕಿದವರಲ್ಲಿ ನೂರಕ್ಕೆ 76 ಜನ ಬೇಡ ಅಂದರು. ರಾಷ್ಟ್ರೀಯ ಬ್ಯಾಂಕೇ ಈ ಅಧಿಕಾರ ಬೇಡ, ರಾಜಕೀಯದ ಒತ್ತಡ ಬರುತ್ತೆ ಅಂದಿತ್ತು. ಸುಮ್ನೆ ಹೆದರಿದ್ದಲ್ಲ ಅದು. ನಮ್ಮಲ್ಲಿ 1997ರವರೆಗೂ ಸರ್ಕಾರಕ್ಕೆ ಖರ್ಚಿಗೆ ದುಡ್ಡು ಕಮ್ಮಿ ಬಿದ್ದಾಗ ಅಡ್‌ಹಾಕ್ ಟ್ರೆಷರಿ ಬಿಲ್ ಅನ್ನೋ ಸಾಲಪತ್ರ ಬರೆದುಕೊಟ್ಟು ರಿಸರ್ವ್ ಬ್ಯಾಂಕಿನಿಂದ ಹೊಸ ದುಡ್ಡು ತಗೊಳ್ಳೋ ದಾರಿ ಇತ್ತು. ಅದನ್ನು ಮುಚ್ಚಿದ್ದೂ ನಾವೇ ಅಲ್ವಾ? ಹಾಗಾಗಿ ಹಕ್ಕು ದೇಶದ್ದಾಗಲಿ, ಎಷ್ಟು ಹುಟ್ಟಬೇಕು ಅಂತ ಹೇಳೋರು ಮಾತ್ರ ಹಣಕಾಸು ಸಚಿವಾಲಯದಿಂದ ದೂರ ಇರಲಿ ಅನ್ನೋದು ನನ್ನ ಮಾತು.

ಅವತ್ತು ಅಜ್ಜಿ ಕೇಳಿದ್ದು ಒಂದೇ: "ಹಾಗಾದರೆ ನನ್ನ ಮೊಮ್ಮಗನ ಬೇಕರಿಗೆ ಸಾಲ ಎಲ್ಲಿಂದ ಬರುತ್ತೆ?" ನೀವು ಇಷ್ಟು ವರ್ಷಕ್ಕೆ ಅಂತ ಬ್ಯಾಂಕಿನಲ್ಲಿ ಇಟ್ಟ ದುಡ್ಡಿಂದ ಅಂದೆ. ಅವರು ಬಹಳ ಹೊತ್ತು ಯೋಚಿಸಿ, ಪುಸ್ತಕ ಅಲ್ಲೇ ಬಿಟ್ಟು ಹೋದರು.