ಸಿಎಂಎಸ್ ಆರಿಸುವ ಮುನ್ನ ಕನ್ನಡದಲ್ಲಿ ಒಂದು ಸುದ್ದಿ ಹಾಕಿ ನೋಡಿ

ಬಸವನಗುಡಿಯ ಒಂದು ಸಣ್ಣ ಸಂಸ್ಥೆಯಲ್ಲಿ ನಮ್ಮ ಅತ್ತಿಗೆ ಕೆಲಸ ಮಾಡುತ್ತಾರೆ. ಸಂಗೀತ, ಉಪನ್ಯಾಸ, ಮಕ್ಕಳ ಬೇಸಿಗೆ ಶಿಬಿರ, ಹೀಗೆ ವರ್ಷವಿಡೀ ಏನಾದರೊಂದು ನಡೆಯುವ ಜಾಗ. ಜಾಲತಾಣಕ್ಕೆ ಸುದ್ದಿ ಹಾಕುವುದು, ಫೋಟೊ ಏರಿಸುವುದು, ಕಾರ್ಯಕ್ರಮದ ಪಟ್ಟಿ ಬದಲಿಸುವುದು ಅವರ ಪಾಲಿನ ಕೆಲಸ. ಇದನ್ನೆಲ್ಲ ಮಾಡಲು ಬಳಸುವ ತಂತ್ರಾಂಶವೇ ಸಿಎಂಎಸ್. ಹೋದ ಡಿಸೆಂಬರ್‌ನಲ್ಲಿ ಮ್ಯೂನಿಕ್‌ನಿಂದ ಊರಿಗೆ ಬಂದಾಗ ಒಂದು ಬೆಳಿಗ್ಗೆ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಒಂದು ಆಹ್ವಾನ ಪತ್ರಿಕೆ ಜಾಲತಾಣಕ್ಕೆ ಹೋಗಬೇಕಿತ್ತು. ಇಪ್ಪತ್ತು ಸಾಲು ಇದ್ದಿರಬಹುದು. ನಲವತ್ತು ನಿಮಿಷ ಹಿಡಿಯಿತು. ಅಷ್ಟಾದ ಮೇಲೆ ಜಾಲತಾಣದಲ್ಲಿ ಕಂಡದ್ದು ಅಕ್ಷರಗಳಲ್ಲ, ಆಹ್ವಾನ ಪತ್ರಿಕೆಯ ಫೋಟೊ.

ಆ ನಲವತ್ತು ನಿಮಿಷದಲ್ಲಿ ಏನೇನಾಯಿತು ಎಂಬುದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಪಠ್ಯ ಬಂದದ್ದು ಡಿಟಿಪಿಯವರಿಂದ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಈಗ ಎಲ್ಲ ಕಂಪ್ಯೂಟರಿಗೂ ಸಮಾನವಾದ ಯೂನಿಕೋಡ್ ಸಂಕೇತದಲ್ಲಲ್ಲ. ಮುದ್ರಣದ ಕೆಲಸಕ್ಕೆ ಅದು ಇಂದಿಗೂ ಅನೇಕರ ಕೈಗೆ ಒಗ್ಗಿರುವ ದಾರಿ. ಅದನ್ನು ತಂದು ಸಿಎಂಎಸ್‌ನ ಬರೆಯುವ ಚೌಕದಲ್ಲಿ ಅಂಟಿಸಿದರೆ ‘ಕನ್ನಡ’ ಎಂಬ ಪದವೇ ಗುರುತು ಸಿಗುವುದಿಲ್ಲ. ‘ನ’ ಇರಬೇಕಾದ ಕಡೆ ಪೌಂಡ್ ಚಿಹ್ನೆ, ನ-ಒತ್ತು ಇರಬೇಕಾದ ಕಡೆ ಜರ್ಮನ್ನರ ‘ಎಸ್‌ತ್ಸೆಟ್’ ಅಕ್ಷರ. ಹನ್ನೆರಡು ವರ್ಷದಿಂದ ನನ್ನ ಬೀದಿಯ ಹೆಸರಿನ ಫಲಕದಲ್ಲಿ ದಿನಾ ನೋಡುವ ಅಕ್ಷರ ಬಸವನಗುಡಿಯಲ್ಲಿ ನಮ್ಮ ಭಾಷೆಯ ಹೆಸರಿನ ಮಧ್ಯೆ ಕೂತಿತ್ತು. ಅತ್ತಿಗೆ ಪಠ್ಯವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡರು. ಈಗ ‘ರಾಜ್‌ಕುಮಾರ್ ರಸ್ತೆ’ ‘ರಾಜ್ಕುಮಾರ್ ರಸ್ತೆ’ ಆಗಿತ್ತು. ಅರ್ಧಾಕ್ಷರವನ್ನು ಮುಂದಿನ ಅಕ್ಷರದಿಂದ ಬಿಡಿಸಿ ನಿಲ್ಲಿಸುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ನಡುವೆ ಬಿದ್ದುಹೋಗಿತ್ತು. ಅದನ್ನು ಮತ್ತೆ ಸೇರಿಸುವ ಗುಂಡಿ ಆ ಸಿಎಂಎಸ್‌ನಲ್ಲಿ ಎಲ್ಲೂ ಇಲ್ಲ. ತಿದ್ದಲು ಹೋದರೆ ಪ್ರತಿ ಸಾಲೂ ಬೇರೆ ಬೇರೆ ತುಂಡಾಗಿ, ‘ಬ್ಲಾಕ್’ ಆಗಿ ಕೂತಿದೆ. ಎರಡು ಸಲ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿದರು. ಹನ್ನೊಂದು ಗಂಟೆಗೆ ಅತಿಥಿಗಳಿಗೆ ಲಿಂಕ್ ಕಳಿಸಬೇಕು. ಅತ್ತಿಗೆ ಎಲ್ಲವನ್ನೂ ಅಳಿಸಿ, ವಾಟ್ಸಾಪ್‌ನಲ್ಲಿ ಬಂದಿದ್ದ ಆಹ್ವಾನದ ಚಿತ್ರವನ್ನೇ ಏರಿಸಿದರು.

ಇದನ್ನು ಅವರ ತಪ್ಪು ಎಂದು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಎಷ್ಟು ಸಂಘ ಸಂಸ್ಥೆಗಳ ಜಾಲತಾಣಗಳಲ್ಲಿ ಕನ್ನಡ ಬರೀ ಚಿತ್ರವಾಗಿ ಉಳಿದಿದೆ ನೋಡಿ. ಚಿತ್ರದಲ್ಲಿರುವ ಪದ ತಾಣದ ಹುಡುಕಾಟಕ್ಕೆ ಸಿಗದು. ಪರದೆ ಓದುವ ತಂತ್ರಾಂಶವನ್ನು ನೆಚ್ಚಿದ ಅಂಧ ಓದುಗರಿಗೆ ಅಲ್ಲೊಂದು ಚಿತ್ರವಿದೆ ಎಂಬುದಷ್ಟೇ ಕೇಳಿಸುತ್ತದೆ. ಆಸಕ್ತಿ ಇಲ್ಲದ್ದರಿಂದ ಹೀಗಾಗಿದೆ ಎನ್ನುವವರಿದ್ದಾರೆ. ನಾನು ಕಣ್ಣಾರೆ ಕಂಡಂತೆ, ಸುದ್ದಿ ಹಾಕುವ ದಾರಿ ಅಷ್ಟು ಕಷ್ಟವಾಗಿರುವುದರಿಂದ ಹೀಗಾಗಿದೆ.

ಮ್ಯೂನಿಕ್‌ನಲ್ಲಿ ನಾನಿರುವುದು ಒಂದು ವಿಶ್ವವಿದ್ಯಾಲಯದ ವೆಬ್ ವಿಭಾಗದಲ್ಲಿ. ಕೆಲವು ವರ್ಷದ ಹಿಂದೆ ಅಲ್ಲಿ ಹಳೆಯ ಸಿಎಂಎಸ್ ಬಿಟ್ಟು ಹೊಸದಕ್ಕೆ ಹೋದೆವು. ಬೆಲೆ ಕೇಳುವ ಮೊದಲೇ ಅಲ್ಲಿ ‘ಲಾಸ್ಟೆನ್‌ಹೆಫ್ಟ್’ ಎಂಬ ಬೇಡಿಕೆಯ ಪಟ್ಟಿ ಬರೆಯುತ್ತಾರೆ. ಯಾರು ಬಳಸುತ್ತಾರೆ, ಯಾವ ಕೆಲಸಕ್ಕೆ, ತಿಂಗಳಿಗೆ ಎಷ್ಟು ಸಲ. ಆಮೇಲೆ ವಿಭಾಗಗಳ ಕಚೇರಿ ಸಹಾಯಕಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, “ಉಪನ್ಯಾಸದ ಸಮಯ ಬದಲಾಗಿದೆ, ಪುಟದಲ್ಲಿ ತಿದ್ದಿ” ಅಂತ ಒಂದು ಕೆಲಸ ಕೊಟ್ಟು, ನಾವು ಬಾಯಿ ಮುಚ್ಚಿಕೊಂಡು ನೋಡುತ್ತೇವೆ. ಕೈಯಲ್ಲಿ ಗಡಿಯಾರ. ಮನಸ್ಸಿನಲ್ಲಿ ಬಂದದ್ದನ್ನು ಅವರು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು. ಬಳಕೆಯ ಸುಲಭತೆಗೆ ಐಎಸ್ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, 1998ರದು, 2018ರಲ್ಲಿ ಪರಿಷ್ಕರಿಸಿದ್ದು. ಕೆಲಸ ಆಯಿತೇ, ಎಷ್ಟು ಶ್ರಮದಲ್ಲಿ ಆಯಿತು, ಬಳಸಿದವರಿಗೆ ಸಮಾಧಾನವಾಯಿತೇ, ಇವು ಅದರ ಮೂರು ಅಳತೆ. ಇಂಥ ಜನ, ಇಂಥ ಉದ್ದೇಶ, ಇಂಥ ಸನ್ನಿವೇಶ ಎಂದು ಮೊದಲು ಗೊತ್ತುಮಾಡಿಕೊಳ್ಳದೆ ಆ ಮೂರನ್ನೂ ಅಳೆಯಲು ಬರುವುದಿಲ್ಲ. ಸುಲಭ ಎಂಬುದು ತಂತ್ರಾಂಶದ ಮೈಗುಣವಲ್ಲ. ಒಬ್ಬರಿಗೆ, ಒಂದು ಕೆಲಸಕ್ಕೆ, ಒಂದು ಜಾಗದಲ್ಲಿ ಅದು ಸುಲಭ. ಮ್ಯೂನಿಕ್‌ನ ಸಹಾಯಕಿ ಮೂರು ತಿಂಗಳಿಗೊಮ್ಮೆ ಸಿಎಂಎಸ್ ತೆರೆಯುವವರು, ಹೋದ ಸಲ ಮಾಡಿದ್ದು ನೆನಪಿಗೆ ಬರುವುದು ಅವರಿಗೆ ಮುಖ್ಯ. ನಮ್ಮ ಅತ್ತಿಗೆ ದಿನಾ ತೆರೆಯುತ್ತಾರೆ. ಪ್ರತಿ ಸುದ್ದಿಗೂ ಹೆಚ್ಚಾಗಿ ಒತ್ತಬೇಕಾದ ನಾಲ್ಕು ಗುಂಡಿ ಅವರ ದಿನವನ್ನೇ ತಿನ್ನುತ್ತದೆ.

ಬೆಂಗಳೂರಿನಲ್ಲಿ ಇದೇ ಆಯ್ಕೆ ಹೇಗೆ ನಡೆಯಿತು ಎಂದು ಅತ್ತಿಗೆಯನ್ನು ಕೇಳಿದೆ. ಸಮಿತಿಯ ಸಭೆಯಲ್ಲಿ ಏಜೆನ್ಸಿಯವರು ಲ್ಯಾಪ್‌ಟಾಪ್ ತಂದು ತೋರಿಸಿದರಂತೆ. ಮುಖಪುಟದಲ್ಲಿ ಜಾರುವ ಚಿತ್ರಗಳು, ಕೆಳಗೆ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳು, ಮೊಬೈಲಿನಲ್ಲೂ ಅಂದವಾಗಿ ಕಾಣುತ್ತದೆ ಎಂಬ ವಿವರಣೆ. ಎಲ್ಲರಿಗೂ ಹಿಡಿಸಿತು. ಮನೆ ನೋಡಲು ಹೋದವರು ಹಾಲ್ ನೋಡಿ, ಅಡುಗೆಮನೆಯ ಬಾಗಿಲು ತೆಗೆಯದೆ ಮುಂಗಡ ಕೊಟ್ಟುಬಂದ ಹಾಗೆ. ದಿನಾ ಆ ಅಡುಗೆಮನೆಯಲ್ಲಿ ನಿಲ್ಲಬೇಕಾದ ಅತ್ತಿಗೆಯನ್ನು ಸಭೆಗೆ ಕರೆದಿರಲಿಲ್ಲ. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಹಾಗೆಂದು ಜರ್ಮನಿಯ ಅಳತೆಗೋಲನ್ನು ಇದ್ದ ಹಾಗೇ ತಂದಿಟ್ಟರೆ ಇಲ್ಲಿ ನಡೆಯುವುದಿಲ್ಲ. ಅದನ್ನೂ ಆ ಬೆಳಿಗ್ಗೆಯೇ ಕಲಿತೆ. ಜಾನ್ ಬ್ರೂಕ್ ಎಂಬವರು 1986ರಲ್ಲಿ ರೂಪಿಸಿದ, ಬಳಕೆಯ ಸುಲಭತೆ ಅಳೆಯುವ ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿಯಿದೆ, ಎಸ್‌ಯುಎಸ್ ಎನ್ನುತ್ತಾರೆ. ಒಂದು ವಾಕ್ಯ ಹೊಗಳಿಕೆ, ಮುಂದಿನದು ದೂರು, ಹೀಗೆ ಹತ್ತು. ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಉತ್ತರ, ಒಟ್ಟು ನೂರಕ್ಕೆ ಅಂಕ, 68ರ ಆಸುಪಾಸು ಸಾಧಾರಣ ಎಂದು ಲೆಕ್ಕ. ಮ್ಯೂನಿಕ್‌ನಲ್ಲಿ ಒಬ್ಬ ಸಹಾಯಕಿ ನಮ್ಮ ಹಳೆಯ ವ್ಯವಸ್ಥೆಗೆ 45 ಕೊಟ್ಟು ಹೋಗಿದ್ದರು. ದೂರುವುದು ಅಲ್ಲಿ ಕೆಲಸದ ಒಂದು ಭಾಗ, ಯಾರೂ ಮುಖ ಗಂಟು ಹಾಕಿಕೊಳ್ಳುವುದಿಲ್ಲ. ಅತ್ತಿಗೆಗೆ ವಾಕ್ಯಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ನಲವತ್ತು ನಿಮಿಷ ಒದ್ದಾಡಿದವರು ಕೊಟ್ಟ ಅಂಕ 82.5!

“ಪಾಪ, ಆ ಹುಡುಗ ಕಷ್ಟಪಟ್ಟು ಮಾಡಿದಾನಪ್ಪ. ಚೆನ್ನಾಗೇ ಇದೆ” ಎಂದರು.

ಅಂಕ ಎಲ್ಲಕ್ಕಿಂತ ಜಾಸ್ತಿ ಇಳಿದದ್ದು ನಾಲ್ಕನೆಯ ವಾಕ್ಯದಲ್ಲಿ. ಇದನ್ನು ಬಳಸಲು ತಾಂತ್ರಿಕ ವ್ಯಕ್ತಿಯೊಬ್ಬರ ನೆರವು ಬೇಕೇ ಎಂಬ ಮಾತು ಅದು. “ಬೇಕೇ ಬೇಕು, ಅದಕ್ಕೇ ಅಲ್ವಾ ಅವನು ಇರೋದು?” ಅದು ದೂರು ಎಂದೇ ಅವರಿಗೆ ಅನಿಸಿರಲಿಲ್ಲ, ಹಾಗಾಗಿ ನಿಜ ಹೊರಗೆ ಬಂತು. ನಮ್ಮಲ್ಲಿ ಒಂದು ವಸ್ತುವಿಗೆ ಅಂಕ ಕೊಡಿ ಎಂದರೆ ಅದನ್ನು ಮಾಡಿದವರ ಮುಖ ಕಣ್ಣಮುಂದೆ ಬರುತ್ತದೆ. ಈ ದಾಕ್ಷಿಣ್ಯ ಒಳ್ಳೆಯ ಗುಣವೇ, ಆದರೆ ಅಂಕಪಟ್ಟಿಯನ್ನು ಅದು ಸುಳ್ಳಾಗಿಸುತ್ತದೆ. ಆಮೇಲೆ ಪ್ರಶ್ನೆ ಬದಲಿಸಿದೆ. “ನಾಳೆಯಿಂದ ಈ ಕೆಲಸ ಹೊಸಬರೊಬ್ಬರಿಗೆ ಹೇಳಿಕೊಡಬೇಕು ಅಂದ್ರೆ, ಎಲ್ಲೆಲ್ಲಿ ಹುಷಾರು ಅಂತೀರಿ ಅತ್ತಿಗೆ?” ಹನ್ನೊಂದು ಎಚ್ಚರಿಕೆ ಹೇಳಿದರು, ಉಸಿರು ತೆಗೆದುಕೊಳ್ಳದೆ. ಶೀರ್ಷಿಕೆಯಲ್ಲಿ ಕನ್ನಡ ಹೆಚ್ಚು ಹಾಕಬೇಡಿ, ಲಿಂಕ್ ಕೆಡುತ್ತದೆ ಎಂಬುದು ಅದರಲ್ಲಿ ಎರಡನೆಯದು.

ಅವರ ಮಾತು ಅಕ್ಷರಶಃ ಸರಿ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ಜಾಲವಿಳಾಸದಲ್ಲಿ ಒಂದೊಂದು ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಸಂಕೇತಾಕ್ಷರವಾದಾಗ ಅದು ಒಂಬತ್ತು ಸ್ಥಾನ ಹಿಡಿಯುತ್ತದೆ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಸಿಎಂಎಸ್ ವರ್ಡ್‌ಪ್ರೆಸ್. ಅದು ಶೀರ್ಷಿಕೆಯಿಂದ ಮಾಡುವ ವಿಳಾಸಕ್ಕೆ ಇಟ್ಟಿರುವ ಜಾಗ 200 ಸ್ಥಾನ. ‘ಬಸವನಗುಡಿ ಕಡಲೆಕಾಯಿ ಪರಿಷೆ’ ಎಂಬ ಮೂರು ಪದಕ್ಕೆ, ನಡುವಿನ ಎರಡು ಅಡ್ಡಗೆರೆಯೂ ಸೇರಿ, 191 ಮುಗಿಯುತ್ತದೆ. ಕನ್ನಡದ ನಾಲ್ಕನೆಯ ಪದದ ಮೊದಲ ಅಕ್ಷರಕ್ಕೂ ಸ್ಥಳವಿಲ್ಲ. ಪರಿಷೆಯ ಬಗ್ಗೆ ಇನ್ನೆರಡು ಸುದ್ದಿ ಹಾಕಿದರೆ ವಿಳಾಸ ಒಂದೇ ಆಗಿ, ಕೊನೆಗೆ 2, 3 ಎಂದು ಅಂಕಿ ಅಂಟುತ್ತದೆ. ಇಂಗ್ಲಿಷಿನಲ್ಲೋ ಜರ್ಮನ್‌ನಲ್ಲೋ ಪರೀಕ್ಷೆ ಮಾಡಿದವರಿಗೆ ಈ ತೊಡಕು ಜನ್ಮದಲ್ಲಿ ಎದುರಾಗದು. ಹುಡುಕಾಟದಲ್ಲೂ ಹೀಗೇ. ಪದವನ್ನು ಇದ್ದ ಹಾಗೇ ಹೊಂದಿಸಿ ನೋಡುವ ಹುಡುಕಾಟಕ್ಕೆ ‘ಬೆಂಗಳೂರು’ ಕೊಟ್ಟರೆ ‘ಬೆಂಗಳೂರಿನಲ್ಲಿ’ ಎಂದಿರುವ ಪುಟ ಸಿಗುವುದಿಲ್ಲ, ರು ಹೋಗಿ ರಿ ಆಗಿರುತ್ತದಲ್ಲ. ವಿಭಕ್ತಿ ಹಚ್ಚದೆ ಯಾರು ಕನ್ನಡ ಬರೆಯುತ್ತಾರೆ?

ಸರಿಯಾಗಿ ಮಾಡಿದ ಉದಾಹರಣೆಯೂ ಇದೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಚೌಕದಲ್ಲೇ ಕೀಲಿಮಣೆ ಆರಿಸಿಕೊಳ್ಳಬಹುದು, ಲಿಪ್ಯಂತರಣವೋ ಕೆ.ಜಿ.ಪಿ.ಯೋ ಇನ್‌ಸ್ಕ್ರಿಪ್ಟೋ. ಕಂಪ್ಯೂಟರಿನಲ್ಲಿ ಬೇರೇನೂ ಹಾಕಿಕೊಳ್ಳಬೇಕಿಲ್ಲ. ಬರೆಯುವವರು ಯಾರು ಎಂದು ಯೋಚಿಸಿ ಮಾಡಿದ ಕೆಲಸ ಅದು.

ಜರ್ಮನಿಯ ಪದ್ಧತಿಗೆ ಕಾಣದ ಇನ್ನೊಂದು ಸಂಗತಿ ಅತ್ತಿಗೆಯ ಮೇಜಿನ ಮೇಲಿತ್ತು. ಅಲ್ಲಿ ಬಳಕೆದಾರ ಎಂದರೆ ಒಬ್ಬರು, ಒಂದು ಪರದೆ. ಇಲ್ಲಿ ಒಂದು ಸುದ್ದಿ ಹೊರಗೆ ಬೀಳುವಷ್ಟರಲ್ಲಿ ಅತ್ತಿಗೆ ಟೈಪ್ ಮಾಡುತ್ತಾರೆ, ನಿವೃತ್ತ ಮೇಷ್ಟ್ರೊಬ್ಬರು ಹಿಂದೆ ನಿಂತು ಪ್ರೂಫ್ ನೋಡುತ್ತಾರೆ, ಕಾರ್ಯದರ್ಶಿಗಳು ಫೋನಿನಲ್ಲಿ ಒಪ್ಪಿಗೆ ಕೊಡುತ್ತಾರೆ. ಮೇಷ್ಟ್ರನ್ನು ಆಚೆ ಕಳಿಸಿ ಅತ್ತಿಗೆಯೊಬ್ಬರನ್ನೇ ಪರೀಕ್ಷಿಸಿದರೆ, ಅಲ್ಲಿ ನಡೆಯದೇ ಇರುವ ಕೆಲಸವನ್ನು ಅಳೆದಂತಾಗುತ್ತದೆ. ಇಬ್ಬರನ್ನೂ ಜೊತೆಗೆ ಕೂರಿಸಿದಾಗ ನಾನು “ಗಟ್ಟಿಯಾಗಿ ಹೇಳಿ” ಎನ್ನಬೇಕಾಗಲೇ ಇಲ್ಲ. ಅವರವರೇ ಮಾತಾಡಿಕೊಂಡರು. “ಮೇಷ್ಟ್ರೇ, ಇದು ಕರಡು ಅಂತ ಉಳಿದಿದೆಯೋ, ಹೋಗೇಬಿಟ್ಟಿದೆಯೋ?” ಎಂದು ಅತ್ತಿಗೆ ಕೇಳಿದ ಒಂದೇ ಪ್ರಶ್ನೆ ನನ್ನ ಟಿಪ್ಪಣಿ ಪುಸ್ತಕದ ಒಂದು ಪುಟಕ್ಕೆ ಸಮ. ಮ್ಯೂನಿಕ್‌ಗೆ ಮರಳಿದ ಮೇಲೆ ಅಲ್ಲೂ ಒಮ್ಮೆ ಇಬ್ಬರನ್ನು ಜೊತೆಗೆ ಕೂರಿಸಿ ನೋಡಿದೆ. ಮೊದಲ ಐದು ನಿಮಿಷ ಸಂಕೋಚ, ಆಮೇಲೆ ಬೇಕಾದಷ್ಟು ಮಾತು.

ಐದು ಜನರನ್ನು ಪರೀಕ್ಷಿಸಿದರೆ ಹೆಚ್ಚಿನ ತೊಡಕುಗಳು ಹೊರಬರುತ್ತವೆ ಎಂದು ಬಳಕೆಯ ಸುಲಭತೆಯ ತಜ್ಞ ಯಾಕೊಬ್ ನೀಲ್ಸನ್ ಹೇಳಿದ್ದನ್ನು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಬಳಸುತ್ತಾರೆ. ಬಸವನಗುಡಿಯ ಆ ಸಂಸ್ಥೆಯಲ್ಲಿ ಸಿಎಂಎಸ್ ಮುಟ್ಟುವವರೇ ಮೂವರು. ಮೂವರನ್ನೂ ಕೂರಿಸಲು ಒಂದು ಬೆಳಿಗ್ಗೆ ಸಾಕು. ಹಣ ಬೇಕಿಲ್ಲ, ಪ್ರಯೋಗಾಲಯ ಬೇಕಿಲ್ಲ. ಹೀಗಿರುವಾಗ ಅಡುಗೆಮನೆ ನೋಡದೆ ಮುಂಗಡ ಕೊಡುವುದಕ್ಕೆ ಕಾರಣವೇ ಕಾಣುವುದಿಲ್ಲ.

ಈಗಿರುವ ಗುತ್ತಿಗೆ ಮುಗಿಯುತ್ತಾ ಬಂದಿದೆ, ಸಮಿತಿ ಹೊಸ ಸಿಎಂಎಸ್ ಹುಡುಕುತ್ತಿದೆ. ಕಾರ್ಯದರ್ಶಿಗಳಿಗೆ ಪತ್ರ ಬರೆದು, ಮುಖಪುಟ ತೋರಿಸುವ ಮೊದಲು ಏಜೆನ್ಸಿಯವರು ಅತ್ತಿಗೆ ಮತ್ತು ಮೇಷ್ಟ್ರ ಮುಂದೆ ತಮ್ಮ ಸಿಎಂಎಸ್ ತೆರೆದಿಟ್ಟು ಸುಮ್ಮನೆ ಕೂರಲಿ ಎಂದು ಕೇಳಿಕೊಂಡೆ. ಒಪ್ಪಿದ್ದಾರೆ. ಮಾಡಿ ನೋಡಬೇಕಾದ ಐದು ಕೆಲಸಗಳನ್ನೂ ಬರೆದುಕೊಟ್ಟೆ. ಡಿಟಿಪಿಯಿಂದ ಬಂದ ಪಠ್ಯವನ್ನು ಅಕ್ಷರವಾಗಿಯೇ ಹಾಕುವುದು, ‘ರಾಜ್‌ಕುಮಾರ್’ ಕೆಡದಂತೆ ಉಳಿಸುವುದು, ಪರಿಷೆಯ ಸುದ್ದಿಗೆ ಐದು ಪದದ ಶೀರ್ಷಿಕೆ ಕೊಟ್ಟು ಲಿಂಕ್ ಕಳಿಸುವುದು, ಕರಡನ್ನು ಕಾರ್ಯದರ್ಶಿಗಳ ಫೋನಿಗೆ ತೋರಿಸುವುದು, ಫೋಟೊಗೆ ಕನ್ನಡದಲ್ಲಿ ವಿವರಣೆ ಬರೆಯುವುದು.

ಪಟ್ಟಿಯನ್ನು ಅತ್ತಿಗೆಗೂ ಕಳಿಸಿದ್ದೆ. ಸಂಜೆ ಫೋನ್ ಬಂತು. “ಹಾಕಿದ್ದನ್ನ ವಾಪಸ್ ತೆಗೆಯೋದು ಎಲ್ಲಿದೆ ಇದರಲ್ಲಿ? ಹೋದ ವರ್ಷ ಸಂಗೀತ ಕಛೇರಿ ಮುಂದಕ್ಕೆ ಹೋದಾಗ ಹಳೇ ದಿನಾಂಕ ತೆಗೆಯಕ್ಕಾಗದೆ, ಮಳೇಲಿ ಜನ ಬಂದು ಬೀಗ ನೋಡಿಕೊಂಡು ಹೋದರಪ್ಪ.” ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಈಗ ಪಟ್ಟಿಯಲ್ಲಿ ಮೊದಲನೆಯ ಕೆಲಸ ಅದೇ.