ರೋಗಿಯನ್ನೇ ನೋಡದ ಫೆಲೋಶಿಪ್

ಬೆಳಿಗ್ಗೆಯಿಂದ ಎಲ್ಲ ಗುಂಪುಗಳಲ್ಲೂ ಅದೇ ಪೋಸ್ಟರ್. ಪ್ಯಾಲಿಯೇಟಿವ್ ಮೆಡಿಸಿನ್‌ನಲ್ಲಿ ಫೆಲೋಶಿಪ್ ಅಂತೆ, ಅಂದರೆ ಗುಣವಾಗದ ಕಾಯಿಲೆಯವರ ನೋವು, ನರಳಾಟ ಇಳಿಸುವ ವಿದ್ಯೆಯಲ್ಲಿ ತಜ್ಞರ ತರಬೇತಿ. ಆರು ಭಾನುವಾರ, ಪೂರ್ತಿ ಆನ್‌ಲೈನ್, ವೈದ್ಯರು, ನರ್ಸ್‌ಗಳು, ಫಿಸಿಯೋಗಳು ಯಾರು ಬೇಕಾದರೂ ಸೇರಬಹುದು, ಆಸ್ಪತ್ರೆಗೆ ಹೋಗುವ ಅಗತ್ಯವಿಲ್ಲ. ಈ ಕೊನೆಯ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದ್ದಾರೆ, ಏನೋ ದೊಡ್ಡ ಸವಲತ್ತು ಕೊಟ್ಟ ಹಾಗೆ. ಕೆಳಗೆ "ಲಿಂಕ್ ಪ್ಲೀಸ್", "ಇಂಟರೆಸ್ಟೆಡ್" ಅಂತ ಕಾಮೆಂಟುಗಳ ಸಾಲು. ಮಾರುವವರ ಹೆಸರು ಬೇಡ, ಇವರೊಬ್ಬರೇ ಅಲ್ಲ. ನಾನು ದಿನಾ ಮಾಡೋದೂ ಇದೇ ಪ್ಯಾಲಿಯೇಟಿವ್ ಕೆಲಸ, ಹಾಗಾಗಿ ಪೀಠಿಕೆಯೂ ಬೇಡ.

ಆ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕೋಕೆ ಮಾತ್ರ ಆಗಿದ್ದರೆ ಸುಮ್ಮನಿರುತ್ತಿದ್ದೆ. 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳನ್ನು ನಿಯಂತ್ರಿಸುವ ಕಾನೂನು) ನಂತರ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಇಟ್ಟುಕೊಳ್ಳೋಕೆ ಆಸ್ಪತ್ರೆಗಳು ಹಲವು ಲೈಸೆನ್ಸುಗಳ ಹಿಂದೆ ಬಿದ್ದು ಸುಸ್ತಾಗಿ, ಕೊನೆಗೆ ಮಾರ್ಫಿನ್ನೇ ಬೇಡ ಅಂದುಬಿಟ್ಟಿದ್ದವು. 2014ರ ತಿದ್ದುಪಡಿ ಬಂದ ಮೇಲೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳಿಗೆ ಒಂದೇ ದಾರಿಯಾಯಿತು. ಆಸ್ಪತ್ರೆ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಆಗಬೇಕು, ಅದಕ್ಕೆ ರಾಜ್ಯದ ಔಷಧ ನಿಯಂತ್ರಕರ ಒಪ್ಪಿಗೆ ಬೇಕು. ಆ ಅರ್ಜಿಯಲ್ಲಿ ನೋವು ನಿವಾರಣೆ ಮತ್ತು ಪ್ಯಾಲಿಯೇಟಿವ್ ಕೇರ್‌ನಲ್ಲಿ ತರಬೇತಿ ಪಡೆದ ವೈದ್ಯರೊಬ್ಬರ ಹೆಸರು ಇರಲೇಬೇಕು. ಅಂದರೆ ಮಾರ್ಫಿನ್ ಕಪಾಟಿನ ಬೀಗದ ಕೈ ಹೋಗೋದು ತರಬೇತಿಯ ಕಾಗದ ತೋರಿಸಿದವರ ಕೈಗೆ. ಆ ಕೈ ಒಬ್ಬ ರೋಗಿಗೂ ಮಾರ್ಫಿನ್ ಬರೆದಿಲ್ಲ ಅಂದರೆ ಏನಾಗುತ್ತೆ? ಒಂದೋ ಹೆದರಿ ಕಪಾಟು ತೆಗೆಯೋದೇ ಇಲ್ಲ, ಮಾತ್ರೆಗಳ ಅವಧಿ ಮುಗಿಯುತ್ತೆ. ಇಲ್ಲವೇ ತೆಗೆದು ತಪ್ಪು ಬರೆಯುತ್ತಾರೆ.

ತಪ್ಪುಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ. ಮಾಮೂಲಿ ಮಾರ್ಫಿನ್ ಮಾತ್ರೆ ಕೆಲಸ ಮಾಡೋದು ನಾಲ್ಕು ಗಂಟೆ. ಬರೆಯೋದು ಮಾತ್ರ ದಿನಕ್ಕೆ ಮೂರು ಬಾರಿ, ಕೈಗೆ ಅದೇ ರೂಢಿ. ಹೀಗೆ ಎಂಟು ಗಂಟೆಗೊಮ್ಮೆ ಕೊಟ್ಟರೆ ಅರ್ಧ ದಿನ ನೋವು ಹಾಗೇ ಇರುತ್ತೆ. ಮನೆಯವರು "ಮಾರ್ಫಿನ್‌ಗೂ ಕೇಳ್ತಿಲ್ಲ ಡಾಕ್ಟ್ರೆ" ಅಂತ ಬರುತ್ತಾರೆ. ಇನ್ನು ಕೆಲವರು 'ನೋವಾದಾಗ ಮಾತ್ರ' ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಮಾರ್ಫಿನ್ ತರುವ ಮಲಬದ್ಧತೆಗೆ ಸೆನ್ನಾ ಅಥವಾ ಬೈಸಾಕೊಡಿಲ್ ಮೊದಲ ದಿನವೇ ಶುರುವಾಗಬೇಕು, ಅದನ್ನು ಮರೆಯುತ್ತಾರೆ. ಐದನೇ ದಿನಕ್ಕೆ ಹೊಟ್ಟೆ ಕಟ್ಟಿ, ರೋಗಿಯೇ ಮಾತ್ರೆ ಬಿಸಾಕುತ್ತಾರೆ. ವಾಂತಿಗೆ ಮೊದಲ ಕೆಲವು ದಿನ ಮೆಟೊಕ್ಲೊಪ್ರಮೈಡ್ ಕೊಟ್ಟಿದ್ದರೆ ಸಾಕಿತ್ತು, ಅದೂ ಇಲ್ಲ. ಮೂಗಿನ ನಳಿಕೆ ಇರುವವರಿಗೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿಮಾಡಿ ಹಾಕಿಸುತ್ತಾರೆ. ಹನ್ನೆರಡು ಗಂಟೆಯ ಡೋಸು ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತೆ.

ಕಿಡ್ನಿಯದ್ದು ಇನ್ನೂ ಮೋಸದ ಸಂಗತಿ. ಕ್ರಿಯಾಟಿನಿನ್ ಏರಿದವರಲ್ಲಿ, ಅಂದರೆ ಕಿಡ್ನಿ ಸೋತವರಲ್ಲಿ, ಮಾರ್ಫಿನ್ ಒಡೆದು ಉಂಟಾಗುವ ಪದಾರ್ಥಗಳು ಹೊರಗೆ ಹೋಗದೆ ಉಳಿದುಬಿಡುತ್ತವೆ. ಕೈಕಾಲು ತಟ್ಟನೆ ಅದುರುತ್ತವೆ, ರೋಗಿ ಮಂಪರಾಗುತ್ತಾರೆ, ಅಸಂಬದ್ಧ ಮಾತಾಡುತ್ತಾರೆ. ಅದನ್ನು ನೋಡಿ "ಕೊನೆಗಾಲ ಬಂತು" ಅಂತ ಮನೆಗೆ ಕಳಿಸಿಬಿಡುತ್ತಾರೆ. ಡೋಸು ಇಳಿಸಿ, ಅಂತರ ಹೆಚ್ಚಿಸಿ, ಅಥವಾ ಫೆಂಟನಿಲ್‌ಗೆ ಬದಲಾಯಿಸಿದ್ದರೆ ಆ ಮನುಷ್ಯ ಎದ್ದು ಕೂತು ಮಗಳ ಹತ್ತಿರ ಮಾತಾಡುತ್ತಿದ್ದರೇನೋ. ಇಷ್ಟರಲ್ಲಿ ಯಾರಾದರೂ ಗಾಬರಿಬಿದ್ದು, ಮಾರ್ಫಿನ್ ಪರಿಣಾಮವನ್ನು ಅಳಿಸುವ ನಲಾಕ್ಸೋನ್ ಆಂಪ್ಯೂಲ್ ಪೂರ್ತಿ ಏರಿಸಿದರೆ ಅದು ಬೇರೆಯೇ ನರಕ, ತಡೆದಿದ್ದ ನೋವೆಲ್ಲ ಒಮ್ಮೆಗೇ ಬಂದು ಬೀಳುತ್ತೆ. ಉಸಿರಾಟ ನಿಮಿಷಕ್ಕೆ ಎಂಟಕ್ಕಿಂತ ಕೆಳಗಿಳಿದು ರೋಗಿ ಎಬ್ಬಿಸಿದರೂ ಏಳದಿದ್ದಾಗ ಮಾತ್ರ ಅದು ಬೇಕು. ಆಗಲೂ 400 ಮೈಕ್ರೋಗ್ರಾಂ ಅನ್ನು ಸಲೈನ್ ಸೇರಿಸಿ 10 ಮಿಲಿ ಮಾಡಿಕೊಂಡು, ಎರಡು ನಿಮಿಷಕ್ಕೊಮ್ಮೆ ಒಂದೊಂದು ಮಿಲಿ ಕೊಡುತ್ತಾ, ಉಸಿರಾಟ ಸರಿಯಾದ ಕೂಡಲೇ ನಿಲ್ಲಿಸಬೇಕು.

ಈಗ ನೀವು ಕೇಳಬಹುದು, ಇದನ್ನೆಲ್ಲ ಸ್ಲೈಡಿನಲ್ಲಿ ಹಾಕಬಹುದಲ್ಲ, ನೀವೇ ಈಗ ಫೇಸ್‌ಬುಕ್ಕಿನಲ್ಲಿ ಹಾಕಿದಿರಲ್ಲ ಅಂತ. ಹಾಕಬಹುದು. ಲೆಕ್ಕವನ್ನೂ ಹಾಕಬಹುದು. ಒಪಿಯಾಯ್ಡ್ (ಮಾರ್ಫಿನ್ ಜಾತಿಯ ಔಷಧಿ) ಹಿಂದೆಂದೂ ತೆಗೆದುಕೊಳ್ಳದವರಿಗೆ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ 5 ಮಿಲಿಗ್ರಾಂ, ತೀರಾ ವಯಸ್ಸಾದವರಿಗೆ 2.5. ನಡುವೆ ನೋವು ನುಗ್ಗಿದರೆ ದಿನದ ಒಟ್ಟು ಡೋಸಿನ ಆರನೇ ಒಂದು ಭಾಗ ಹೆಚ್ಚುವರಿ. 10ರಂತೆ ಆರು ಸಲ ತೆಗೆದುಕೊಳ್ಳುವವರು ಹೆಚ್ಚುವರಿಯಾಗಿ ಮೂರು ಸಲ ತೆಗೆದುಕೊಂಡರೆ ದಿನಕ್ಕೆ 90 ಆಯಿತು, ನಾಳೆಯಿಂದ ಸಲಕ್ಕೆ 15. ಬಾಯಿಂದ ಆಗದೆ ಚರ್ಮದ ಕೆಳಗೆ ಕೊಡಬೇಕಾದರೆ ಅದರ ಅರ್ಧ, ದಿನಕ್ಕೆ 45. ಏಳನೇ ಕ್ಲಾಸಿನ ಮಕ್ಕಳೂ ಮಾಡುವ ಗಣಿತ ಇದು.

ಆದರೆ ಆ ಮೂರು ಹೆಚ್ಚುವರಿ ಡೋಸು ಯಾಕೆ ಬೇಕಾಯಿತು ಅನ್ನೋದು ಯಾವ ಸ್ಲೈಡಿನಲ್ಲೂ ಇಲ್ಲ. ಡ್ರೆಸ್ಸಿಂಗ್ ಮಾಡುವಾಗ ಮಾತ್ರ ನೋವಾಗುತ್ತಿದ್ದರೆ ದಿನದ ಡೋಸು ಏರಿಸೋದು ತಪ್ಪು, ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮುಂಚೆ ಒಂದು ಡೋಸು ಸಾಕು. ಉರಿ, ಕರೆಂಟ್ ಹೊಡೆದ ಹಾಗೆ ಅಂದರೆ ನರದ ನೋವು, ಅದಕ್ಕೆ ಅಮಿಟ್ರಿಪ್ಟಲಿನ್ ಅಥವಾ ಗ್ಯಾಬಪೆಂಟಿನ್ ಜೊತೆಗೂಡಬೇಕು. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ 8 ಗ್ರೇ ಪ್ರಮಾಣದ ಒಂದೇ ಸಲದ ರೇಡಿಯೇಷನ್‌ಗೆ ಕಳಿಸಬೇಕು. ಬೆನ್ನುನೋವಿನ ಜೊತೆ ಕಾಲಲ್ಲಿ ಬಲ ಕಡಿಮೆಯಾಗುತ್ತಿದ್ದರೆ ಅದು ತುರ್ತು, ಡೆಕ್ಸಾಮೆಥಾಸೋನ್ ಕೊಟ್ಟು ಅವತ್ತೇ ಎಂಆರ್‌ಐ ಮಾಡಿಸಬೇಕು. ತಡವಾದರೆ ಕಾಲು ಹೋದ ಹಾಗೆಯೇ. ಇನ್ನು ರಾತ್ರಿ ಎರಡು ಗಂಟೆಗೆ ಮಾತ್ರ ಏರುವ ನೋವು ಹಲವು ಸಲ ಭಯದ್ದು, ಸಾಲದ್ದು, ಮದುವೆಯಾಗದ ಮಗಳದ್ದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸಿಲಿ ಸಾಂಡರ್ಸ್ ದೇಹದ, ಮನಸ್ಸಿನ, ಸಂಬಂಧದ, ನಂಬಿಕೆಯ ನೋವನ್ನು ಒಟ್ಟಿಗೇ ನೋಡಬೇಕು ಅಂದದ್ದು ಸುಮ್ಮನೆ ಅಲ್ಲ. ಆಕೆ ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜಕಾರ್ಯಕರ್ತೆ, ಆಮೇಲೆ ಡಾಕ್ಟರ್. ಮೂರು ಕಡೆಯಿಂದಲೂ ಹಾಸಿಗೆಯ ಪಕ್ಕ ನಿಂತವರು. ಹಾಸಿಗೆಯ ಪಕ್ಕ, ಗಮನಿಸಿ. ಲ್ಯಾಪ್‌ಟಾಪಿನ ಮುಂದೆ ಅಲ್ಲ.

ಮಾತಿನ ಪಾಠವಂತೂ ತೆರೆಯ ಮೇಲೆ ಇನ್ನೂ ತಮಾಷೆ. ಕೆಟ್ಟ ಸುದ್ದಿ ಹೇಳುವ ವಿಧಾನದಲ್ಲಿ ಆರು ಹೆಜ್ಜೆ ಅಂತ ಬಾಯಿಪಾಠ ಮಾಡಿಸುತ್ತಾರೆ, ಕೊನೆಗೆ ಬಹುಆಯ್ಕೆಯ ಪ್ರಶ್ನೆ. ನಮ್ಮ ಓಪಿಡಿಯಲ್ಲಿ ಆಗೋದೇ ಬೇರೆ. ರೋಗಿಯನ್ನು ಹೊರಗೆ ಕೂರಿಸಿ ಮಗ ಒಳಗೆ ಬಂದು ಬಾಗಿಲು ಹಾಕುತ್ತಾನೆ, "ಅಪ್ಪಂಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೆ" ಅನ್ನುತ್ತಾನೆ. ಇಲ್ಲಿ ರೋಗಿಯ ಹಕ್ಕಿನ ಬಗ್ಗೆ ಭಾಷಣ ಶುರುಮಾಡಿದರೆ ಆ ಕುಟುಂಬ ಮತ್ತೆ ಬರೋದಿಲ್ಲ. ಒಪ್ಪಿಕೊಂಡು ಸುಳ್ಳು ಹೇಳಿದರೆ ಅಪ್ಪ ನಿಮ್ಮನ್ನು ನಂಬೋದಿಲ್ಲ. ಮೊದಲು ಮಗನ ಭಯ ಕೇಳಬೇಕು, "ಹೇಳಿದ್ರೆ ಏನಾಗುತ್ತೆ ಅನ್ಸುತ್ತೆ?" ಅಂತ. ಆಮೇಲೆ "ಅವರೇ ನಿಮ್ಮನ್ನ ಏನಾದ್ರೂ ಕೇಳಿದಾರಾ?" ಅಂತ. ಬಹಳ ಸಲ ಕೇಳಿರುತ್ತಾರೆ, ಮಗ ಮಾತು ಹಾರಿಸಿರುತ್ತಾನೆ. ಆಮೇಲೆ, ನಾನಾಗಿ ಏನನ್ನೂ ಹೇರೋದಿಲ್ಲ, ಅವರು ಕೇಳಿದರೆ ಸುಳ್ಳು ಹೇಳೋದೂ ಇಲ್ಲ ಅಂತ ಮಗನಿಗೆ ತಿಳಿಸಿ, ಅಪ್ಪನ ಹತ್ತಿರ ಹೋಗಿ, ಕಾಯಿಲೆ ಬಗ್ಗೆ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕು ಅನ್ನಿಸುತ್ತೆ ಅಂತ ಕೇಳಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ವೈದ್ಯರಿಗೆ ಅತಿ ಕಷ್ಟ ಅದೇ. ಮೌನ ಐದು ಸೆಕೆಂಡ್ ದಾಟಿದರೆ ಸ್ಕ್ಯಾನ್ ರಿಪೋರ್ಟ್ ಓದೋಕೆ ಶುರು. ಪಕ್ಕದಲ್ಲಿ ಅನುಭವಿಗಳೊಬ್ಬರು ಕೂತು, ಹೊರಗೆ ಬಂದ ಮೇಲೆ "ಅವರು ಅಳೋಕೆ ಶುರುಮಾಡಿದಾಗ ನೀನು ಬಿಪಿ ಯಾಕೆ ನೋಡಿದೆ?" ಅಂತ ಕೇಳದೆ ಇದು ಬರೋದಿಲ್ಲ. ಝೂಮ್‌ನಲ್ಲಿ ಆ ಪ್ರಶ್ನೆ ಕೇಳೋರು ಯಾರು? ಕಲಿಯೋರು ಕ್ಯಾಮೆರಾ ಆಫ್ ಮಾಡಿ ಅನ್ನಕ್ಕೆ ಇಟ್ಟಿರುತ್ತಾರೆ.

ಗಾಯಗಳ ವಿಷಯಕ್ಕೆ ಬಂದರೆ, ಬಾಯಿ ಕ್ಯಾನ್ಸರಿನ ಒಡೆದ ಗಾಯದ ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸೋದು, ಹುಳು ಬಿದ್ದಿದ್ದರೆ ಟರ್ಪೆಂಟೈನ್ ಅದ್ದಿದ ಗಾಜ್ ಅನ್ನು ಗಾಯದ ಬಾಯಿಯ ಹತ್ತಿರ ಹಿಡಿದು, ಹೊರಬಂದ ಹುಳುಗಳನ್ನು ಫೋರ್ಸೆಪ್ಸ್‌ನಿಂದ ತೆಗೆಯೋದು (ಗಾಯಕ್ಕೇ ಸುರಿಯೋದಲ್ಲ, ದಯವಿಟ್ಟು), ಕುತ್ತಿಗೆಯ ದೊಡ್ಡ ರಕ್ತನಾಳ ಒಡೆಯುವ ಸಂಭವ ಇದ್ದರೆ ಮನೆಯಲ್ಲಿ ಕಡುಬಣ್ಣದ ಟವೆಲ್‌ಗಳನ್ನು ಎತ್ತಿಡಿಸೋದು. ರಕ್ತ ಬಿಳಿ ಬಟ್ಟೆಯ ಮೇಲೆ ಕಂಡಷ್ಟು ಭಯಂಕರವಾಗಿ ಕಡುಬಣ್ಣದ ಮೇಲೆ ಕಾಣೋದಿಲ್ಲ ಅನ್ನುವ ಇಷ್ಟು ಸಣ್ಣ ವಿವೇಕ ನಮ್ಮವರಿಗೆ ಬಂದಿದ್ದು ಅಂಥ ಮನೆಗಳಿಗೆ ಹೋಗಿಯೇ. ಊದಿಕೊಂಡ ಕೈಗೆ ಬಟರ್‌ಫ್ಲೈ ಸೂಜಿಯನ್ನು (ಚರ್ಮದ ಕೆಳಗೆ ಔಷಧಿ ಕೊಡುವ ಸಣ್ಣ ಸೂಜಿ) ಚುಚ್ಚಿದರೆ ಔಷಧಿ ಹೀರಿಕೊಳ್ಳೋದಿಲ್ಲ, ಎದೆಯ ಮೇಲ್ಭಾಗದಲ್ಲೋ ಹೊಟ್ಟೆಯ ಮೇಲೋ ಹಾಕಬೇಕು. ಒಮ್ಮೆ ಕೈಯಿಂದ ಮಾಡಿದರೆ ಜನ್ಮಪೂರ್ತಿ ಮರೆಯೋದಿಲ್ಲ.

"ಬೇಡಿಕೆ ಅಷ್ಟಿದೆ, ತಾಲ್ಲೂಕು ಆಸ್ಪತ್ರೆಯ ಡಾಕ್ಟರು ರಜೆ ಹಾಕಿ ಎಲ್ಲಿಗೆ ಹೋಗಬೇಕು, ಏನೂ ಇಲ್ಲದ್ದಕ್ಕಿಂತ ಆನ್‌ಲೈನ್ ವಾಸಿಯಲ್ಲವೇ" ಅನ್ನುವವರಿಗೆ ಉತ್ತರ ಇದೆ. ದೂರಶಿಕ್ಷಣದ ಮೇಲೆ ನನಗೆ ದ್ವೇಷ ಇಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯ 1989ರಿಂದ ದೂರಶಿಕ್ಷಣದಲ್ಲೇ ಪ್ಯಾಲಿಯೇಟಿವ್ ಮೆಡಿಸಿನ್ ಕಲಿಸುತ್ತಿದೆ, ಆದರೆ ಅದು ದಿನಾ ರೋಗಿಗಳನ್ನು ನೋಡುವವರಿಗಾಗಿ. ನಮ್ಮ ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘದ ಸರ್ಟಿಫಿಕೇಟ್ ಕೋರ್ಸ್ ಕೂಡ ಮನೆಯಿಂದಲೇ ಓದುವ ಎಂಟು ವಾರದ್ದು, ಅದರ ಜೊತೆ ಕೇಂದ್ರವೊಂದರಲ್ಲಿ ಹತ್ತು ದಿನದ ಪ್ರತ್ಯಕ್ಷ ತರಬೇತಿಯನ್ನೂ ಇಟ್ಟಿದ್ದಾರೆ, ಹೆಸರೂ 'ಅಗತ್ಯ ಅಂಶಗಳು' ಅಂತ ವಿನಯದಿಂದಲೇ ಇದೆ. ಯಾರೂ ಅದನ್ನು ಫೆಲೋಶಿಪ್ ಅನ್ನೋದಿಲ್ಲ. ತಿರುವನಂತಪುರದ ಪಾಲಿಯಂ ಇಂಡಿಯಾ ಸಂಸ್ಥೆಯಲ್ಲಿ ವೈದ್ಯರಿಗೂ ನರ್ಸ್‌ಗಳಿಗೂ ಆರು ವಾರದ ಕೋರ್ಸ್ ಇದೆ, ಅಲ್ಲೇ ಇದ್ದು ಕಲಿಯಬೇಕು. ಪೂರ್ತಿ ಸ್ನಾತಕೋತ್ತರ ಪದವಿ ಬೇಕೆಂದರೆ ಎಂಡಿ ಇದೆ, ಪ್ರವೇಶ ಪರೀಕ್ಷೆಯ ಮೂಲಕ, ಮೂರು ವರ್ಷ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ 2012ರಲ್ಲಿ ಶುರುವಾಯಿತು, ಆಮೇಲೆ ದೆಹಲಿಯ ಏಮ್ಸ್‌ಗೂ ಬಂತು, ನಮ್ಮಲ್ಲಿ ಮಣಿಪಾಲದಲ್ಲೂ ಇದೆ. ಮೂರು ವರ್ಷ ಯಾಕೆ ಬೇಕು ಅಂತ ಮೇಲಿನದನ್ನು ಓದಿದವರಿಗೆ ಹೇಳಬೇಕಿಲ್ಲ.

ಹಣ ಕಟ್ಟುವ ಮೊದಲು ಅವರಿಗೆ ಇಷ್ಟು ಕೇಳಿ. ಎಷ್ಟು ದಿನ ರೋಗಿಗಳ ಜೊತೆ? ಮನೆ ಭೇಟಿ ಇದೆಯೇ, ಎಷ್ಟು? ನಾನು ಮಾತಾಡುವುದನ್ನು ಯಾರು ಕೂತು ನೋಡುತ್ತಾರೆ? ನನ್ನ ಕೈಯಿಂದ ಡೋಸು ಏರಿಸುವ ರೋಗಿಗಳನ್ನು ಯಾರು ಮೇಲ್ವಿಚಾರಣೆ ಮಾಡುತ್ತಾರೆ? ಈ ಕಾಗದವನ್ನು ಔಷಧ ನಿಯಂತ್ರಕರು ಒಪ್ಪುತ್ತಾರೆಯೇ? ಮುಂಗಡ ವೈದ್ಯಕೀಯ ನಿರ್ದೇಶನವನ್ನು (ಮುಂದೆ ತನಗೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ) ಬರೆಸೋದು ಹೇಗೆ ಅಂತ ಕಲಿಸುತ್ತಾರೆಯೇ? ಈ ಕೊನೆಯದು ಈಗ ಬೇಕೇ ಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಅಂತ ಸರಳ ಮಾಡಿದ ಮೇಲೆ, ನಮ್ಮ ರಾಜ್ಯ ಸರ್ಕಾರ 2025ರ ಜನವರಿ ಕೊನೆಗೆ ಆದೇಶವನ್ನೂ ಹೊರಡಿಸಿದೆ. ಚಿಕಿತ್ಸೆ ನಿಲ್ಲಿಸಬಹುದೇ ಅಂತ ತೀರ್ಮಾನಿಸುವ ಆಸ್ಪತ್ರೆಯ ಪ್ರಾಥಮಿಕ ಮಂಡಳಿಯಲ್ಲಿ ಯಾರಿರಬೇಕು, ಎರಡನೇ ಮಂಡಳಿಗೆ ವೈದ್ಯರನ್ನು ಹೆಸರಿಸುವವರು ಯಾರು ಅಂತ ಗೊತ್ತಿಲ್ಲದ ತಜ್ಞರು ಐಸಿಯು ಬಾಗಿಲಲ್ಲಿ ನಿಂತ ಕುಟುಂಬಕ್ಕೆ ಏನು ಹೇಳುತ್ತಾರೆ?

ಕೋಪ ಇಷ್ಟಕ್ಕೇ ಇಳಿದಿಲ್ಲ, ಇನ್ನೊಂದು ಬಾಕಿ ಇದೆ. ಪೋಸ್ಟರಿನಲ್ಲಿ 'ನರ್ಸ್‌ಗಳೂ ಸೇರಬಹುದು' ಅಂತ ಉದಾರವಾಗಿ ಬರೆದಿದ್ದಾರೆ. ಪಠ್ಯ ನೋಡಿದರೆ ಪೂರ್ತಿ ವೈದ್ಯರಿಗೆ ಮಾಡಿದ್ದು, ನರ್ಸ್‌ಗಳಿಂದ ಫೀಸು ಮಾತ್ರ ಬೇಕು. ರಾತ್ರಿ ಮೂರಕ್ಕೆ ಹೆಚ್ಚುವರಿ ಡೋಸು ಕೊಡಬೇಕೋ ಬೇಡವೋ ಅಂತ ಒಬ್ಬರೇ ನಿರ್ಧರಿಸೋದು ನರ್ಸ್. ಗಾಯ ತೊಳೆಯೋದು, ಬಾಯಿ ಸ್ವಚ್ಛ ಮಾಡೋದು, ಕೊನೆಯ ಗಂಟೆಗಳಲ್ಲಿ ಗೊರಗೊರ ಉಸಿರು ಕೇಳಿ ಬೆದರಿದ ಹೆಂಡತಿಗೆ "ಅಮ್ಮಾ, ಈ ಸದ್ದು ಅವರಿಗೆ ತೊಂದರೆ ಕೊಡ್ತಿಲ್ಲ" ಅಂತ ಹೇಳಿ ರೋಗಿಯನ್ನು ಪಕ್ಕಕ್ಕೆ ಹೊರಳಿಸೋದು, ಎಲ್ಲವೂ ಅವರೇ. ಕಷ್ಟಪಟ್ಟು ನಿಜವಾದ ತರಬೇತಿ ಮುಗಿಸಿ ಬಂದವರನ್ನು ಮಾರನೇ ವಾರ ಆಪರೇಷನ್ ಥಿಯೇಟರಿಗೆ ಹಾಕುವ ಆಡಳಿತಗಳೂ ಇವೆ, ಅಲ್ಲಿ ಕೈ ಕಡಿಮೆ ಅಂತ. ಕಳಿಸುವ ಮುಂಚೆಯೇ, ಒಬ್ಬ ವೈದ್ಯರು ಮತ್ತು ಇಬ್ಬರು ನರ್ಸ್‌ಗಳನ್ನು ಒಂದೇ ಕಡೆಗೆ ಕಳಿಸುತ್ತೇವೆ, ಎರಡು ವರ್ಷ ಆ ವಿಭಾಗದಿಂದ ಎತ್ತೋದಿಲ್ಲ ಅಂತ ಆಡಳಿತದಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ಭರವಸೆ ಡ್ಯೂಟಿ ರೋಸ್ಟರ್ ಬದಲಾದ ದಿನವೇ ಮುಗಿಯುತ್ತೆ.