ಟ್ರಾಯ್ ಯುದ್ಧದ ಕತೆಗೆ ಮಣ್ಣು ಸಾಕ್ಷಿ ಹೇಳುತ್ತದೆಯೇ?

ಪರ

ಹೇಳುತ್ತದೆ. ಗ್ರೀಕರು ಟ್ರಾಯ್ ಊರನ್ನು ಮುತ್ತಿದ ಯುದ್ಧವನ್ನು ಹಾಡುವ ಹೋಮರನ ಕಾವ್ಯ ಇಲಿಯಡ್. ಅದರ 10ನೇ ಭಾಗದಲ್ಲಿ ಗ್ರೀಕ್ ವೀರ ಒಡಿಸ್ಯೂಸ್ ರಾತ್ರಿ ಹೊತ್ತು ಶತ್ರು ಪಾಳೆಯದ ಕಡೆ ಹೊರಡುತ್ತಾನೆ. ಆಗ ಅವನು ತಲೆಗೆ ಹಾಕಿಕೊಳ್ಳುವ ಶಿರಸ್ತ್ರಾಣಕ್ಕೆ ಕಾಡುಹಂದಿಯ ಕೋರೆಹಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಈ ಕಾವ್ಯ ರೂಪುಗೊಂಡಿದ್ದು ಕ್ರಿ.ಪೂ. 8ನೇ ಶತಮಾನದ ಸುಮಾರಿಗೆ. ಅಷ್ಟರಲ್ಲಿ ಅಂಥ ಶಿರಸ್ತ್ರಾಣ ಬಳಕೆ ತಪ್ಪಿ ನೂರಾರು ವರ್ಷ ಆಗಿತ್ತು. ಆದರೆ ಯುದ್ಧ ನಡೆಯಿತು ಎನ್ನುವ ಮೈಸೀನಿ ಕಾಲದ, ಅಂದರೆ ಗ್ರೀಸ್‌ನ ಕಂಚಿನ ಯುಗದ ಗೋರಿಗಳಲ್ಲಿ ಅದೇ ಕೋರೆಹಲ್ಲಿನ ತುಂಡುಗಳು ಸಿಕ್ಕಿವೆ, ಹೊಲಿಯಲು ಕೊರೆದ ತೂತುಗಳ ಸಮೇತ. ಕವಿ ತಾನು ಕಾಣದ ವಸ್ತುವನ್ನು ಇಷ್ಟು ಸರಿಯಾಗಿ ಹೇಗೆ ಬಣ್ಣಿಸಿದ? ಬಾಯಿಂದ ಬಾಯಿಗೆ ಹಾಡು ಬಂತು, ಹಾಡಿನ ಜೊತೆ ನೆನಪೂ ಬಂತು.

ಊರಿನ ವಿಷಯವೂ ಹಾಗೆಯೇ. ಟ್ರಾಯ್ ಇದ್ದ ಜಾಗ ಎನ್ನುವ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಒಂದರ ಮೇಲೊಂದು 9 ಊರುಗಳ ಪದರಗಳಿವೆ. ಅದರಲ್ಲೊಂದು ಕ್ರಿ.ಪೂ. 1180ರ ಆಸುಪಾಸಿನಲ್ಲಿ ಸುಟ್ಟುಹೋಗಿದೆ. ಯುದ್ಧ ನಡೆಯಿತು ಎನ್ನುವ ಕಾಲವೂ ಸುಮಾರು ಅದೇ. ಹಿಂದೆ ಟರ್ಕಿ ಭಾಗವನ್ನು ಆಳಿದ ಹಿಟೈಟ್ ರಾಜರ ಮಣ್ಣಿನ ಹಲಗೆಗಳಲ್ಲಿ ‘ವಿಲುಸ’ ಎಂಬ ನಾಡು, ‘ಅಲಕ್ಸಂದು’ ಎಂಬ ದೊರೆ ಬರುತ್ತಾರೆ. ಟ್ರಾಯ್‌ಗೆ ಹೋಮರ್ ಹೇಳುವ ಇನ್ನೊಂದು ಹೆಸರು ಇಲಿಯೋಸ್. ಹಳೆಯ ರೂಪ ವಿಲಿಯೋಸ್. ಅಲ್ಲಿಯ ರಾಜಕುಮಾರ ಪ್ಯಾರಿಸ್‌ನನ್ನು ಅಲೆಕ್ಸಾಂಡ್ರೋಸ್ ಅಂತಲೂ ಕರೆಯುತ್ತಿದ್ದರು. ಇದೆಲ್ಲ ಸುಮ್ನೆ ಹೊಂದಿಕೊಂಡಿತು ಅಂದರೆ ನಂಬುವುದು ಕಷ್ಟ, ಅಲ್ವಾ?

ವಿರೋಧ

ಊರು ನಿಜ ಅಂದ ಮಾತ್ರಕ್ಕೆ ಕತೆ ನಿಜವಾಗುವುದಿಲ್ಲ. ಸುಟ್ಟ ಊರಲ್ಲಿ ಬಾಣದ ಮೊನೆ ಸಿಕ್ಕರೆ ಯಾರೋ ಕಾದಾಡಿದರು ಅನ್ನಬಹುದು. ಯಾರು, ಯಾರಿಗಾಗಿ ಎಂದು ಬೂದಿ ಹೇಳುವುದಿಲ್ಲ. ಗ್ರೀಕರ ಅರಮನೆ ಲೆಕ್ಕದ ಹಲಗೆಗಳಲ್ಲಿ ಕಾವ್ಯದ ವೀರರಾದ ಅಕಿಲೀಸ್, ಹೆಕ್ಟರ್ ಹೆಸರುಗಳಿವೆ, ನಿಜ. ಆದರೆ ಅವು ಸಾಮಾನ್ಯ ಜನ ಇಟ್ಟುಕೊಳ್ಳುತ್ತಿದ್ದ ಹೆಸರುಗಳು.

ಕಾವ್ಯವನ್ನೇ ನಕ್ಷೆ ಮಾಡಿಕೊಂಡು ಅಗೆದರೆ ಏನಾಗುತ್ತದೆ? ಟ್ರಾಯ್ ಹುಡುಕಲು ಹೊರಟ ಜರ್ಮನಿಯ ಹೈನ್ರಿಕ್ ಶ್ಲೀಮನ್ ಮಾಡಿದ್ದನ್ನು ನೋಡಿ. 1873ರಲ್ಲಿ ಹಿಸಾರ್ಲಿಕ್‌ನಲ್ಲಿ ಚಿನ್ನ ಸಿಕ್ಕಿತು. ಅದನ್ನು ಟ್ರಾಯ್ ದೊರೆ ಪ್ರಿಯಾಮನ ನಿಧಿ ಎಂದು ಸಾರಿದ. ಅದು ಯುದ್ಧದ ಕಾಲ ಎನ್ನುವುದಕ್ಕಿಂತ ಸಾವಿರ ವರ್ಷಕ್ಕೂ ಜಾಸ್ತಿ ಹಳೆಯದು. 1876ರಲ್ಲಿ ಗ್ರೀಸ್‌ನ ಮೈಸೀನಿ ಊರಿನಲ್ಲಿ ಸಿಕ್ಕ ಚಿನ್ನದ ಮುಖವಾಡಕ್ಕೆ ಕಾವ್ಯದ ಗ್ರೀಕ್ ಸೇನಾನಾಯಕ ಅಗಮೆಮ್ನನ್ ಹೆಸರು ಅಂಟಿಕೊಂಡಿತು. ಅದೂ ಯುದ್ಧಕ್ಕಿಂತ ಕೆಲವು ಶತಮಾನ ಹಿಂದಿನದು.

ತಪ್ಪು ಹೆಸರನ್ನು ಆಮೇಲೆ ತಿದ್ದಬಹುದು. ನನ್ನ ಸಂಕಟವೆಲ್ಲ ಅವನು ತೋಡಿಸಿದ ಕಂದಕದ್ದು. ಹೋಮರನ ಟ್ರಾಯ್ ತೀರಾ ಕೆಳಗಿರಬೇಕು ಎಂದುಕೊಂಡು ದಿಬ್ಬವನ್ನು ಸೀಳಿಸಿದ. ದಾರಿಗೆ ಅಡ್ಡ ಬಂದ ಗೋಡೆಗಳನ್ನು ಕೆಡವಿಸಿದ. ಯುದ್ಧದ ಕಾಲದ ಊರು ಇದ್ದದ್ದು ಆ ಮೇಲಿನ ಪದರಗಳಲ್ಲೇ.